ಬೀಳುವುದಕ್ಕೊಂದು ನೆಲ

ನಿಪ್ಪಾಣಿಯ ಆ ಜಿಮ್ ಸಾಮಾನಿನ ಅಂಗಡಿಯಲ್ಲಿ ನಮ್ಮ ವೈನಿ ಬೇಕಂತಲೇ ಬಿದ್ದಳು. ಚಪ್ಪಲಿಯನ್ನು ಬಾಗಿಲ ಹೊರಗೆ ಬಿಟ್ಟು ಬಂದು, ಸೆರಗನ್ನು ಸೊಂಟಕ್ಕೆ ಸಿಗಿಸಿ, ಹಾಸಿಟ್ಟಿದ್ದ ಮ್ಯಾಟಿನ ನಡುವೆ ನಿಂತು, ಒಮ್ಮೆ ನನ್ನ ಕಡೆ ನೋಡಿ, ಎಡಮಗ್ಗುಲಿಗೆ ಧಪ್ಪೆಂದು ಉರುಳಿದಳು. ಆಚೆ ವ್ಯಾಯಾಮದ ಸೈಕಲ್ ನೋಡುತ್ತಿದ್ದ ಗಂಡ ಹೆಂಡತಿ ಹೌಹಾರಿದರು. ಅಂಗಡಿಯವರು ಕೈಯಲ್ಲಿದ್ದ ಫೋನನ್ನು ಹಾಗೇ ಬಿಟ್ಟು ಓಡಿ ಬಂದರು.

"ಅಯ್ಯ, ಬಾಯಾರ, ಚಕ್ಕರ್ ಬಂತೇನ್ರಿ? ನೀರ ತರಸ್ಲಿ?"

ವೈನಿ ಮಲಗಿದಲ್ಲಿಂದಲೇ ಕೈ ಅಲ್ಲಾಡಿಸಿದಳು. "ಏನೂ ಆಗಿಲ್ರಿ ಅಣ್ಣಾರ. ಬಿದ್ದ ನೋಡಾಕತ್ತೀನಿ."

ವೈನಿ ಎಂದರೆ ನನ್ನ ಅಣ್ಣನ ಹೆಂಡತಿ, ಅಕ್ಕಾತಾಯಿ. ಸದಲಗಾದ ನಮ್ಮ ಓಣಿಯ ಅರ್ಧ ಮಂದಿಗೆ ಅವಳು ವೈನಿಯೇ. ನನ್ನದೂ ಅದೇ ಊರಿನಲ್ಲಿ ಮದುವೆಯಾಗಿ, ಎರಡು ಓಣಿ ಆಚೆಗೆ ಮನೆಯಾದದ್ದರಿಂದ ತವರು ನನಗೆ ದೂರವಾಗಲಿಲ್ಲ. ಮಧ್ಯಾಹ್ನ ಭಾಂಡೆ ತೊಳೆದಿಟ್ಟು ಅಲ್ಲಿಗೆ ಹೋಗುವುದು, ಅವಳ ಜೊತೆ ಶೇಂಗಾ ಸುಲಿಯುತ್ತಲೋ ಅಕ್ಕಿ ಆರಿಸುತ್ತಲೋ ಕೂರುವುದು, ಚಹಾ ಕುಡಿದು ಎಮ್ಮೆಯ ಹಾಲು ಹಿಂಡುವ ಹೊತ್ತಿಗೆ ಮನೆಗೆ ಬರುವುದು ನನ್ನ ರೂಢಿಯಾಗಿತ್ತು. ಅಣ್ಣನನ್ನು ನೋಡಲು ಹೋಗುತ್ತೇನೆ ಎಂದು ಮನೆಯಲ್ಲಿ ಹೇಳುತ್ತಿದ್ದೆ. ನೋಡಲು ಹೋಗುತ್ತಿದ್ದದ್ದು ವೈನಿಯನ್ನು.

ಅವಳ ತವರು ಕೃಷ್ಣೆಯ ದಂಡೆಯ ಸತ್ತಿ ಎಂಬ ಊರು. ಹೊಳೆ ಬಂದಾಗೊಮ್ಮೆ ಅವರ ಮನೆಯೊಳಗೆ ನೀರು ಬರುವುದು, ಇಳಿದ ಮೇಲೆ ರಾಡಿ ಬಳಿದು ಹೊರಗೆ ಹಾಕಿ, ಹೊಸ ಮಣ್ಣು ತುಂಬಿ, ಕೊಡತಿಯಿಂದ ಬಡಿದು, ಸಗಣಿ ಸಾರಿಸಿ ಮತ್ತೆ ಬದುಕಲು ಶುರು ಮಾಡುವುದು ಅವಳಿಗೆ ಚಿಕ್ಕಂದಿನಿಂದ ರೂಢಿ. ಅದಕ್ಕೇ ಇರಬೇಕು, ಯಾರ ಮನೆಗೆ ಹೋದರೂ ಗೋಡೆಯ ಬಣ್ಣ, ಅಡುಗೆಮನೆಯ ಕಪಾಟು ಯಾವುದೂ ಅವಳ ಕಣ್ಣಿಗೆ ಬೀಳುತ್ತಿರಲಿಲ್ಲ. ಹಿಮ್ಮಡಿಯಿಂದ ನೆಲವನ್ನು ಒಂದೆರಡು ಸಲ ಒತ್ತುತ್ತಿದ್ದಳು. ನನ್ನ ಮನೆಗೆ ನುಣುಪು ಟೈಲ್ಸ್ ಹಾಕಿಸಿದಾಗ ಎಲ್ಲರೂ ಹೊಗಳಿದರು. ವೈನಿ ಮಾತ್ರ, "ಛಂದ ಐತಿ ಬಿಡು. ಮಾರಿ ನೋಡ್ಕೋಬಹುದು. ಆದ್ರ ನಿಮ್ಮ ಅತ್ತಿಯವರಿಗಿ ನೀರ ಚೆಲ್ಲಿದಾಗ ಅಡ್ಡಾಡಬ್ಯಾಡಂತ ಹೇಳು," ಎಂದಳು. ಆ ಮಾತಿಗೆ ನನ್ನ ಗಂಡ ಬಹಳ ದಿನ ಮುನಿಸಿಕೊಂಡಿದ್ದರು.

ಅವಳದೊಂದು ಮಾತಿತ್ತು. ಎಂಥ ದೊಡ್ಡ ಕೆಲಸವಾಗಲಿ, ಎಂಥ ತಾಪತ್ರಯವಾಗಲಿ, ಮುಗಿದ ಕೂಡಲೇ ಎರಡೂ ಕೈ ಝಾಡಿಸಿ, "ಆತಲಾ. ಇನ್ನ ಚಾ ಕುಡಿಯೂಣು," ಎನ್ನುತ್ತಿದ್ದಳು. ಎಮ್ಮೆ ಕಷ್ಟಪಟ್ಟು ಈದ ಮೇಲೆ ಅದೇ ಮಾತು. ಮಗಳನ್ನು ಐಗಳಿ ಊರಿನ ಗಂಡನ ಮನೆಗೆ ಕಳಿಸಿ, ಗಾಡಿ ತಿರುವಿನಲ್ಲಿ ಮರೆಯಾಗುತ್ತಿದ್ದಂತೆ ಕಣ್ಣೊರೆಸಿಕೊಂಡು ಅದೇ ಮಾತು. ನಮ್ಮವ್ವ ತೀರಿಕೊಂಡಾಗ, ಮಣ್ಣು ಮುಗಿಸಿ ಬಂದ ಅಣ್ಣ ಜಗಲಿಯ ಮೇಲೆ ಕೂತಿದ್ದಾಗಲೂ ಅದೇ ಮಾತು, ಆದರೆ ಬಹಳ ಮೆಲ್ಲಗೆ.

ನನ್ನ ಅಣ್ಣ ಬಾಳಪ್ಪ ಪೈಲವಾನ. ಪ್ರಾಯದಲ್ಲಿ ಊರ ತಾಲೀಮಿನ, ಅಂದರೆ ಗರಡಿಮನೆಯ, ಕೆಂಪು ಮಣ್ಣಿನಲ್ಲಿ ಬೆಳೆದವನು. ಕೊಲ್ಲಾಪುರದ ಕಡೆಯ ಕುಸ್ತಿಗಳಿಗೂ ಹೋಗಿ ಬಂದವನು. ಕುಸ್ತಿಯಲ್ಲಿ ಬೆನ್ನಿಗೆ ಮಣ್ಣು ಹತ್ತಿದರೆ ಸೋತಂತೆ. ತನ್ನ ಬೆನ್ನಿಗೆ ಮಣ್ಣು ಹತ್ತಿದ ಕುಸ್ತಿಗಳ ಬಗ್ಗೆ ಅವನು ಎಂದೂ ಮಾತಾಡುತ್ತಿರಲಿಲ್ಲ. ವಯಸ್ಸಾದ ಮೇಲೆ ಕಬ್ಬು, ಎಮ್ಮೆ ನೋಡಿಕೊಂಡಿದ್ದ. ಒಂದು ಮುಂಜಾನೆ ಹಲ್ಲುಜ್ಜುತ್ತ ನಿಂತವನಿಗೆ ಲಕ್ವಾ ಹೊಡೆಯಿತು. ಮಿರಜದ ದವಾಖಾನೆಯಿಂದ ಮರಳಿ ಬಂದಾಗ ಎಡಗೈ ಎದೆಗೆ ಮುದುಡಿಕೊಂಡಿತ್ತು, ಎಡಗಾಲು ಎಳೆಯುತ್ತಿತ್ತು, ಮಾತು ತುಂಡು ತುಂಡಾಗಿ ಬರುತ್ತಿತ್ತು. ದಿನಾ ನಡೆಸಿರಿ, ನಡೆದಷ್ಟೂ ಕಾಲು ಕಲಿಯುತ್ತದೆ ಎಂದು ಡಾಕ್ಟರು ಹೇಳಿ ಕಳಿಸಿದ್ದರು. ನಡೆಸಿದೆವು. ಅಂಗಳಕ್ಕೆ ಹಾಸಿದ ಫರ್ಸಿ ಕಲ್ಲಿನ ಮೇಲೆ ಬೆರಳು ತಾಗಿ ಮುಗ್ಗರಿಸಿ ಬಿದ್ದ. ಮಣಿಕಟ್ಟು ಮುರಿಯಿತು. ಮೂಳೆ ಕೂಡಿಕೊಂಡಿತು, ಧೈರ್ಯ ಕೂಡಿಕೊಳ್ಳಲಿಲ್ಲ. ಅಂದಿನಿಂದ ಅಣ್ಣ ಮಂಚ ಬಿಟ್ಟು ನಿಲ್ಲಲು ಒಪ್ಪಲಿಲ್ಲ.

"ನೆಲಾ... ನನ್ನ ಕೈ... ಬಿಟ್ಟೈತಿ," ಎಂದ ಒಂದು ದಿನ.

ವೈನಿ ಅವನನ್ನು ಮುದ್ದು ಮಾಡುವವಳಲ್ಲ. "ಜೀವಮಾನದಾಗ ಬೆನ್ನಿಗಿ ಮಣ್ಣ ಹತ್ತಗೊಡಲಿಲ್ಲ ಅಂತೀರಿ, ಈಗ ನೋಡಿದ್ರ ಹಗಲೆಲ್ಲಾ ಚಿತ್ ಬಿದ್ದೀರಿ," ಎಂದು ಚುಚ್ಚುತ್ತಿದ್ದಳು. ಅಣ್ಣ ಗೋಡೆಯ ಕಡೆ ಹೊರಳುತ್ತಿದ್ದ. ಆಮೇಲೆ ಅವಳು ಹಿತ್ತಲಿಗೆ ಹೋಗಿ ಬಾವಿಕಟ್ಟೆಯ ಮೇಲೆ ಸುಮ್ಮನೆ ಕೂತಿರುವುದನ್ನು ನಾನು ನೋಡಿದ್ದೇನೆ.

ಅದೇ ದಿನಗಳಲ್ಲಿ ನಮ್ಮ ಓಣಿಯಲ್ಲಿ ಡೇರಿ ನಡೆಸುವವರು ಮನೆಯ ಮಾಳಿಗೆಯ ಮೇಲೆ ಜಿಮ್ ಮಾಡಿಸಿಕೊಂಡರು. ಪೂಜೆಗೆ ಕರೆದಿದ್ದರು, ಹೋದೆವು. ಎಲ್ಲರೂ ಮಶೀನುಗಳನ್ನು ಮುಟ್ಟಿ ನೋಡುತ್ತಿದ್ದರೆ ವೈನಿ ಕೋಣೆಯ ಮೂಲೆಯಲ್ಲಿ ನಿಂತು ಹಿಮ್ಮಡಿ ಒತ್ತುತ್ತಿದ್ದಳು. ಹೊರಗೆ ಬಂದ ಕೂಡಲೇ ನನ್ನ ರಟ್ಟೆ ಹಿಡಿದುಕೊಂಡಳು.

"ಸುನಂದಾ, ಮಶೀನ ಹಾಳಾಗಿ ಹೋಗ್ಲಿ, ನೆಲಾ ನೋಡಿದಿ?"

"ರಬ್ಬರಲಾ ವೈನಿ ಅದು."

"ಅದರ ಮ್ಯಾಲ ಕಬ್ಬಿಣದ ಗಾಲಿ ಕೈ ಬಿಟ್ಟ ಬಿದ್ರೂ ಸಪ್ಪಳಾಗಲಿಲ್ಲ. ನಿಮ್ಮಣ್ಣ ಕಬ್ಬಿಣದಕಿಂತಾ ಹೆಚ್ಚ ಏನ್?"

ಹೀಗೆ ನಾವಿಬ್ಬರೂ ನಿಪ್ಪಾಣಿಯ ಬಸ್ಸು ಹತ್ತಿದ್ದು. ಅಂಗಡಿಯಲ್ಲಿ ಅವಳು ಮೊದಲು ಬಿದ್ದದ್ದು ಮಕ್ಕಳ ಆಟದ ಚೌಕಗಳಂತೆ ಒಂದಕ್ಕೊಂದು ಸಿಕ್ಕಿಸುವ ಫೋಮ್ ಹಾಸಿನ ಮೇಲೆ. ಗಾದಿಯ ಮೇಲೆ ಬಿದ್ದಂತೆ ಆಯಿತಂತೆ. "ಇದ ಕೊಡ್ರಿ," ಎಂದು ಎದ್ದು ಕೂತಳು. ಅಂಗಡಿಯವರು ಸಮಾಧಾನದ ಮನುಷ್ಯ.

"ಕೊಡ್ತೀನ್ರಿ. ಯಾರಿಗಿ ಅಂತ ಹೇಳ್ರಿ ಮೊದಲ. ಮೆತ್ತಗಿದ್ದಷ್ಟೂ ಛಲೋ ಅಂತಲ್ರಿ ಬಾಯಾರ. ವಜನ ಎತ್ತಾಕೊಂದು ಬೇಕು, ಯೋಗಾಕ್ಕೊಂದು ಬೇಕು."

"ನಮ್ಮವರಿಗ್ರಿ. ಲಕ್ವಾ ಆಗೈತಿ. ನಡೀಬೇಕು."

"ಹೆಂಗ ನಡೀತಾರ್ರಿ?"

ವೈನಿ ಎದ್ದು ನಿಂತಳು. ಎಡಗೈಯನ್ನು ಎದೆಗೆ ಮುದುಡಿಕೊಂಡಳು. ಎಡ ಹೆಗಲು ಇಳಿಯಿತು, ಬಾಯಿಯ ಒಂದು ಅಂಚು ತಾನಾಗಿ ಕೆಳಗೆ ಜಗ್ಗಿತು. ಬಲಗಾಲು ಮುಂದಿಟ್ಟು, ಎಡಗಾಲನ್ನು ಹೊರಗಿನಿಂದ ಅರ್ಧ ವರ್ತುಲ ಸುತ್ತಿಸಿ ಎಳೆದುಕೊಂಡಳು. ನನ್ನ ಎದುರು ನನ್ನ ಅಣ್ಣ ನಡೆದು ಬರುತ್ತಿದ್ದ. ಇಷ್ಟು ದಿನ ಅವನ ಬಗಲಿಗೆ ಹೆಗಲು ಕೊಟ್ಟೂ ಕೊಟ್ಟೂ ಆ ನಡಿಗೆ ಅವಳ ಮೈಯೊಳಗೆ ಇಳಿದುಬಿಟ್ಟಿತ್ತು. ಅದು ಅವಳಿಗೂ ಅಲ್ಲಿಯವರೆಗೆ ಗೊತ್ತಿರಲಿಲ್ಲವೇನೋ. ಫೋಮಿನಲ್ಲಿ ಪಾದ ಹುಗಿಯಿತು, ಎಳೆಯುವ ಕಾಲಿನ ಹೆಬ್ಬೆರಳು ಸಿಕ್ಕಿಕೊಂಡಿತು, ಈ ಸಲ ಅವಳು ಬೇಕಂತ ಬೀಳಲಿಲ್ಲ. ನಿಜವಾಗಿಯೇ ಬಿದ್ದಳು.

ಅಂಗಡಿಯವರು ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸಿದರು. ಆಮೇಲೆ ಒಳಗಿನಿಂದ ಬೂದು ಬಣ್ಣದ ದಪ್ಪ ರಬ್ಬರ್ ಚೌಕಗಳನ್ನು ತರಿಸಿ ತಾವೇ ಕೂಡಿಸಿ ಹಾಸಿದರು. ವೈನಿ ಮತ್ತೆ ಅಣ್ಣನ ಹಾಗೆ ನಡೆದಳು. ಬೆರಳು ಜಾರಿತು, ಸಿಕ್ಕಲಿಲ್ಲ. ಬಿದ್ದಳು. ಮೊಣಕೈ ತಿಕ್ಕಿಕೊಳ್ಳುತ್ತ ಎದ್ದಳು.

"ಇದು ಹೊಡಿತೈತಿ. ಆದ್ರ ಮುರಿಯಂಗಿಲ್ಲ," ಎಂದಳು. "ಇದ ಇರ್ಲಿ. ಬಿದ್ದೀನಿ ಅಂತ ಗೊತ್ತರ ಆಗಬೇಕಲಾ ಮನಷ್ಯಾಗ."

ದನದ ಹೊಟ್ಟು ತುಂಬಿಡುತ್ತಿದ್ದ ಹಿಂದಿನ ಕೋಣೆಯನ್ನು ಖಾಲಿ ಮಾಡಿದೆವು. ನೆಲ ತಗ್ಗು ದಿಣ್ಣೆ ಇತ್ತು. ಗೌಂಡಿಯನ್ನು ಕರೆದು ಸಿಮೆಂಟಿನ ಕೋಬಾ ಹಾಕಿಸಿದಳು. ಅದು ಪೂರ್ತಿ ಒಣಗದೆ ರಬ್ಬರ್ ಹಾಸಿದರೆ ಕೆಳಗೆ ನೀರು ಕೂತು ಬೂಸು ಹಿಡಿಯುತ್ತದೆ, ಪ್ಲಾಸ್ಟಿಕ್ ಹಾಳೆ ಹೊದಿಸಿ ಮರುದಿನ ಎತ್ತಿ ನೋಡಿರಿ ಎಂದು ಅಂಗಡಿಯವರು ಹೇಳಿದ್ದರು. ವೈನಿ ದಿನಾ ಎತ್ತಿ ನೋಡುವಳು. "ಇನ್ನೂ ಬೆವರಾಕತ್ತೈತಿ," ಎಂದು ಮುಚ್ಚುವಳು. ಅತ್ತ ರಬ್ಬರ್ ಚೌಕಗಳು ವಾಸನೆ ಬಿಡಲೆಂದು ಅಂಗಳದ ನೆರಳಿನಲ್ಲಿ ಹಪ್ಪಳದಂತೆ ಹರಡಿಕೊಂಡಿದ್ದವು. ಒಂದು ದಿನ ಹಾಳೆ ಒಣಗಿದ್ದು ಕಂಡಿತು. ಹಾಸಲು ಕೂತೆವು. ನಾನು ಚೌಕ ಹೊಂದಿಸುತ್ತಿದ್ದೆ, ಅವಳು ರಬ್ಬರ್ ಬಡಿಗೆಯಿಂದ ಸಂದು ಕೂಡಿಸುತ್ತಿದ್ದಳು. ಗೋಡೆಯ ಹತ್ತಿರ ಕತ್ತರಿಸುವಾಗ ಚಾಕುವನ್ನು ಸಾಬೂನಿನ ನೀರಲ್ಲಿ ಅದ್ದಬೇಕು, ಬಿಸಿಲಿಗೆ ಹಿಗ್ಗಲು ಗೋಡೆಗುಂಟ ಬೆರಳು ಹೋಗುವಷ್ಟು ಜಾಗ ಬಿಡಬೇಕು. ಆ ಸಂದು ಅವಳಿಗೆ ಸೇರಲಿಲ್ಲ. "ಸಾರಿಸಿದ ನೆಲಾ ಗ್ವಾಡಿಗಿ ಹತ್ತಬೇಕು. ಇದೇನಿದು, ಮುನಿಸಕೊಂಡ ಬೀಗರಂಗ ದೂರ ಕುಂತೈತಿ," ಎಂದು ಗೊಣಗಿದಳು. ಆದರೂ ಬಿಟ್ಟಳು. ಗೋಡೆಗೆ ಕೈ ಹಿಡಿಯಲು ಉದ್ದಕ್ಕೂ ಪೈಪು ಹಾಕಿಸಿದಳು, ಹೊಸ್ತಿಲ ಹತ್ತಿರ ಬೆರಳು ಎಡವಬಾರದೆಂದು ಇಳಿಜಾರಿನ ಪಟ್ಟಿ. ಎಲ್ಲ ಮುಗಿದ ಮೇಲೆ ಕೈ ಝಾಡಿಸಿದಳು. ಬಾಯಿ ತೆರೆದಳು. "ತಡಿ, ಅವ್ರು ಕಾಲ ಇಟ್ಟಿಂದ ಕುಡಿಯೂಣು," ಎಂದಳು.

ಅಣ್ಣನನ್ನು ಕುರ್ಚಿಯಲ್ಲಿ ಕೂರಿಸಿ ಬಾಗಿಲಿಗೆ ತಂದೆವು. ಅವನು ಒಳಗೆ ನೋಡಿದ, ಮೂಗು ಸೊಟ್ಟ ಮಾಡಿದ.

"ಟಾಯರ್... ದುಕಾನ," ಎಂದ. "ಒಲ್ಲೆ."

"ಒಮ್ಮಿ ಕಾಲರ ಇಡ್ರಿ."

"ಒಲ್ಲೆ ಅಂದ್ನೆಲಾ!"

ಅಂದು ಚಹಾ ಆಗಲಿಲ್ಲ. ಮರುದಿನವೂ ಒಲ್ಲೆ, ಅದರ ಮರುದಿನವೂ. ನಾನು ಹೋದಾಗ ವೈನಿ ಆ ಕೋಣೆಯಲ್ಲಿ ಒಬ್ಬಳೇ ಗೋಡೆಗೆ ಒರಗಿ ಕೂತಿದ್ದಳು. "ಸುನಂದಾ, ನಾ ಎಲ್ಲಾ ನೋಡಿದೆ. ಬೆರಳ ಸಿಗತೈತೇನು ನೋಡಿದೆ, ಎಲುಬ ಮುರಿತೈತೇನು ನೋಡಿದೆ. ಅವ್ರ ಮನಸಿಗಿ ಹತ್ತತೈತೇನು ಅದೊಂದ ನೋಡಲಿಲ್ಲ," ಎಂದಳು. ಅವಳು ಸೋತು ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಕೊನೆಗೆ ಅಣ್ಣನ ಜೋಡಿಯ ಪೈಲವಾನ ದಸ್ತಗೀರನಿಗೆ ಹೇಳಿ ಕಳಿಸಿದಳು. ಬಂದು ನಾಲ್ಕು ಮಾತು ಬುದ್ಧಿ ಹೇಳಲಿ ಎಂದಷ್ಟೇ ಅವಳ ಲೆಕ್ಕ. ದಸ್ತಗೀರ ತಾಲೀಮಿನ ಇನ್ನಿಬ್ಬರು ಮುದುಕರನ್ನು ಕಟ್ಟಿಕೊಂಡು ಬಂದ, ಕೈಯಲ್ಲಿ ಒಂದು ಕೊಡ, ಒಂದು ಗಂಟು. ನಾವು ಚಹಾಕ್ಕೆ ಇಡಲು ಅಡುಗೆಮನೆಗೆ ಹೋದೆವು. ತಿರುಗಿ ಬರುವಷ್ಟರಲ್ಲಿ ಆಗಬೇಕಾದದ್ದು ಆಗಿಹೋಗಿತ್ತು.

ತಾಲೀಮಿನಲ್ಲಿ ಹೊಸ ಮಣ್ಣು ಹಾಕಿದಾಗ ಅದಕ್ಕೆ ಮಜ್ಜಿಗೆ, ಎಣ್ಣೆ, ಅರಿಷಿಣ, ನಿಂಬೆಹಣ್ಣಿನ ರಸ ಹಾಕಿ ಹದ ಮಾಡದೆ ಯಾರೂ ಕಾಲಿಡುವುದಿಲ್ಲ. ಪೈಲವಾನ ಹೊಸ ನೆಲ ಮಾಡಿಸಿದ್ದಾನೆ ಎಂದ ಮೇಲೆ ಹದ ಮಾಡದೆ ಬಿಟ್ಟರೆ ಹೇಗೆ? ಕೊಡದ ತುಂಬ ಇದ್ದದ್ದು ಎಣ್ಣೆ, ಅರಿಷಿಣ ಕಲಸಿದ ಮಜ್ಜಿಗೆ. ಗಂಟಿನಲ್ಲಿ ತಾಲೀಮಿನ ಮಣ್ಣು. ಮೂವರೂ ಧೋತರ ಕಟ್ಟಿ, ಸುರಿದು, ಕೈಯಿಂದ ತಿಕ್ಕುತ್ತಿದ್ದರು. ಬೂದು ನೆಲ ಹಳದಿಯಾಗಿ ಮಿರಮಿರ ಮಿಂಚುತ್ತಿತ್ತು. ನಮ್ಮನ್ನು ನೋಡಿ ಏಳಹೋದ ದಸ್ತಗೀರ ಜರ್ರೆಂದು ಜಾರಿ, ಕೋಣೆಯ ಉದ್ದಕ್ಕೂ ಕೂತಲ್ಲೇ ಬಂದು ಹೊಸ್ತಿಲಿಗೆ ನಿಂತ.

"ವೈನಿ," ಎಂದ ಗಾಬರಿಯಿಂದ. "ನೆಲಾ ಕುಡೀವಲ್ದು! ಮಣ್ಣಾಗಿದ್ರ ಇಷ್ಟೊತ್ತಿಗಿ ಕುಡೀತಿತ್ತು."

ವೈನಿ ಚಹಾದ ತಾಟು ಹಿಡಿದುಕೊಂಡೇ ನಿಂತಳು. "ನಿಮ್ಮ ಬುದ್ಧಿಗಿಷ್ಟ ಬೆಂಕಿ ಹಚ್ಚ. ಲಕ್ವಾ ಹೊಡದ ಮನಷ್ಯಾನ ನಡಿಗಿಗಿ ನೆಲಾ ಮಾಡೀನಿ, ಅದಕ್ಕ ಎಣ್ಣಿ ಹಚ್ಚಾಕ ಬಂದೀರಿ! ಏಳ್ರಿ. ಎದ್ದ ಬರಾಕರ ಆಗತೈತೇನು ನೋಡ್ರಿ ಮೊದಲ." ಮುದುಕರು ಒಬ್ಬರನ್ನೊಬ್ಬರು ಹಿಡಿದುಕೊಂಡು ಎಮ್ಮೆಕರುಗಳಂತೆ ಕಾಲು ಅಗಲಿಸಿ ಬರುತ್ತಿದ್ದರೆ ಅವಳಿಗೆ ಸಿಟ್ಟೂ ನಗುವೂ ಒಟ್ಟಿಗೇ ಬಂದು, ತಾಟು ನನ್ನ ಕೈಗೆ ಕೊಟ್ಟು ಬಾಗಿಲಲ್ಲೇ ಕುಸಿದು ಕೂತಳು.

ಎಲ್ಲ ಚೌಕಗಳನ್ನು ಕಿತ್ತೆವು. ಅಂಗಳದಲ್ಲಿ ಹಾಕಿ ಸೀಗೆಪುಡಿ ಹಚ್ಚಿ ತಿಕ್ಕಿದೆವು, ಬಿಸಿನೀರು ಹೊಯ್ದೆವು, ನೆರಳಲ್ಲಿ ಒಣಗಿಸಿದೆವು, ಮತ್ತೆ ಹಾಸಿದೆವು. ಜಿಡ್ಡು ಹೋಯಿತು. ವಾಸನೆ ಹೋಗಲಿಲ್ಲ. ಸಂದುಗಳಲ್ಲಿ ಹೊಕ್ಕ ಮಜ್ಜಿಗೆ, ಅರಿಷಿಣ, ಮಣ್ಣು ಎಲ್ಲ ಕೂಡಿ ಹುಳಿಹುಳಿಯಾದ ಒಂದು ಘಮ, ಮಧ್ಯಾಹ್ನ ಮೇಲಿನ ತಗಡು ಕಾಯುತ್ತಿದ್ದಂತೆ ಕೋಣೆಯಿಂದ ಎದ್ದು ಪಡಸಾಲೆಗೆ ಬರುತ್ತಿತ್ತು. ಇನ್ನೊಮ್ಮೆ ತೊಳೆಯೋಣ ಎಂದು ವೈನಿ ಸೀರೆ ಎತ್ತಿ ಕಟ್ಟುತ್ತಿದ್ದಾಗ ಮಂಚದ ಮೇಲಿಂದ ಅಣ್ಣ ಕರೆದ.

"ತಾಲೀಮ... ವಾಸನಿ," ಎಂದ. ಅವನ ಮೂಗು ಗಾಳಿಯನ್ನು ಹುಡುಕುತ್ತಿತ್ತು. "ಎಲ್ಲಿಂದ... ಬರಾಕತ್ತೈತಿ?"

ವೈನಿ ನನ್ನ ಮುಖ ನೋಡಿದಳು. ಆಮೇಲೆ ಅವನ ಬಗಲಿಗೆ ಹೆಗಲು ಕೊಟ್ಟಳು. ಹಿಂದಿನ ಕೋಣೆಯ ಹೊಸ್ತಿಲಲ್ಲಿ ಅಣ್ಣ ನಿಂತ. ಪೈಪು ಹಿಡಿಯಲಿಲ್ಲ. ಬಲಗೈ ಕೆಳಗೆ ಚಾಚಲು ಒದ್ದಾಡಿದ. ಏನು ಮಾಡುತ್ತಿದ್ದಾನೆ ಎಂದು ನನಗೆ ತಿಳಿಯಲಿಲ್ಲ, ವೈನಿಗೆ ತಿಳಿಯಿತು. ಅವನ ಸೊಂಟ ಹಿಡಿದು ತಾನೂ ಜೊತೆಗೆ ಬಗ್ಗಿದಳು. ಅಣ್ಣ ಬೆರಳಿನಿಂದ ಆ ರಬ್ಬರ್ ನೆಲ ಮುಟ್ಟಿ ಹಣೆಗೆ ಒತ್ತಿಕೊಂಡ, ತಾಲೀಮಿಗೆ ಇಳಿಯುವ ಮೊದಲು ಮಣ್ಣು ಮುಟ್ಟುತ್ತಿದ್ದ ಹಾಗೆ. ಆಮೇಲೆ ಬಲಗಾಲು ಇಟ್ಟ.

"ಆತಲಾ," ಎಂದಳು ವೈನಿ. ಅವನ ಸೊಂಟ ಹಿಡಿದ ಕೈ ಬಿಡಲಿಲ್ಲ. ಚಹಾ ನಾನೇ ಮಾಡಿದೆ.

ಆ ಮೇಲಿನ ದಿನಗಳು ನೆನಪಾದರೆ ಈಗಲೂ ಮೈ ಹಗುರಾಗುತ್ತದೆ. ದಸ್ತಗೀರ ಮುಂಜಾನೆ ಡೇರಿಗೆ ಹಾಲು ಹಾಕಿ ಬಂದು ಅಣ್ಣನಿಗೆ ಬೀಳುವುದನ್ನು ಹೊಸದಾಗಿ ಕಲಿಸುವನು. ಗದ್ದ ಎದೆಗೆ ಒತ್ತಬೇಕು, ಕೈ ಊರಬಾರದು, ಹೆಗಲು ಮೊದಲು ನೆಲಕ್ಕೆ ಹೋಗಬೇಕು, ಮೈ ಹೊರಳಬೇಕು. ಬಿದ್ದ ಮೇಲೆ ಯಾರೂ ಎಬ್ಬಿಸಬಾರದು, ಇದು ವೈನಿಯ ಕಟ್ಟಳೆ. ನನಗೆ ತಡೆಯಲಾಗದೆ ಒಮ್ಮೆ ಕೈ ಚಾಚಿದಾಗ, "ಮುಟ್ಟಬ್ಯಾಡ! ತಾವ ಏಳ್ತಾರ," ಎಂದು ಗದರಿಸಿದ್ದಳು. ಅಣ್ಣ ಹೆದರಿ ನಿಂತ ದಿನ ತಾನೇ ಪಕ್ಕದಲ್ಲಿ ನಿಲ್ಲುವಳು. "ನಾನೂ ಬೀಳ್ತೀನಿ, ನೀವೂ ಬೀಳ್ರಿ. ಮೊದಲ ಯಾರ ಏಳ್ತಾರ ನೋಡೂಣು." ಇಬ್ಬರೂ ಬೀಳುವರು. ಅವಳು ಸೀರೆ ಸಿಕ್ಕಿಸಿಕೊಂಡಂತೆ ಮಾಡಿ ತಡವಾಗಿ ಏಳುವಳು. ಅಣ್ಣನಿಗೆ ಅದು ಗೊತ್ತು. "ಕಳ್ಳಿ," ಎನ್ನುವನು, ಸೊಟ್ಟ ಬಾಯಿಯಲ್ಲೇ ನಗುವನು. ಅವನು ನೆಟ್ಟಗೆ ನಿಂತ ಮೇಲೆ ಅವಳು ಕೈ ಝಾಡಿಸುವಳು. "ಆತಲಾ. ಇನ್ನ ಚಾ ಕುಡಿಯೂಣು."

ಆದರೆ ಆ ಚಹಾ ಕೋಣೆಯೊಳಗೇ ಬರಬೇಕು. ಕೋಣೆಯ ಈ ತುದಿಯಿಂದ ಆ ತುದಿಗೆ ಒಬ್ಬನೇ ಅಡ್ಡಾಡುವ ಅಣ್ಣ ಹೊಸ್ತಿಲಿಗೆ ಬಂದು ನಿಂತುಬಿಡುವನು. ಅದರಾಚೆ ಫರ್ಸಿ ಕಲ್ಲು, ಅವನ ಮಣಿಕಟ್ಟು ಮುರಿದಂಥದೇ ಕಲ್ಲು. ಅಲ್ಲಿಂದ ಮುಂದೆ ವೈನಿಯ ಹೆಗಲು ಬೇಕು. ಎಷ್ಟು ಹೇಳಿದರೂ ಒಬ್ಬನೇ ದಾಟಲಿಲ್ಲ.

"ಒಂದ ದಿವಸ ನೀವ ನಡ್ಕೋತ ಪಡಸಾಲಿಗಿ ಬಂದ, ನನ್ನ ಬಾಜೂಕ ಕುಂತ ಚಾ ಕುಡೀರಿ. ಮತ್ತೇನೂ ಬ್ಯಾಡ ನನಗ," ಎನ್ನುವಳು.

"ಬರ್ತೀನಿ," ಎನ್ನುವನು ಅಣ್ಣ. "ನಾಳಿ."

ಮಳೆ ಹಿಡಿದಿದ್ದ ಒಂದು ಮುಂಜಾನೆ ನಾನು ಸೊಪ್ಪು ಕೊಡಲು ಹೋಗಿದ್ದೆ. ವೈನಿ ಒಲೆಯ ಮುಂದೆ ಕೂತು ಚಹಾಕ್ಕೆ ಶುಂಠಿ ಜಜ್ಜುತ್ತಿದ್ದಳು. ಹಿಂದಿನ ಕೋಣೆಯಿಂದ ಅಣ್ಣನ ಕಾಲೆಳೆಯುವ ಸದ್ದು ಬರುತ್ತಿತ್ತು. "ಕೇಳು, ಇವತ್ತ ಹೆಜ್ಜಿ ಸಾಪ ಬೀಳಾಕತ್ತೈತಿ," ಎಂದಳು. ಆಮೇಲೆ, "ಯಾಕೋ ಎದಿ ಹಿಂಡಿದಂಗ ಆಗತೈತಿ," ಎಂದು ಗೋಡೆಗೆ ಒರಗಿದಳು. ನೀರು ಕುಡಿಸಲು ನೋಡಿದೆ, ಗುಟುಕು ಇಳಿಯಲಿಲ್ಲ. ಡೇರಿಯವರ ಗಾಡಿ ಬಾಗಿಲಿಗೆ ಬರುವ ಮೊದಲೇ ವೈನಿ ಹೋಗಿಬಿಟ್ಟಿದ್ದಳು.

ಓಣಿಯ ಹೆಂಗಸರು ಬಂದರು. ಪಡಸಾಲೆಯನ್ನು ತೊಳೆದು, ಕಂಬಳಿ ಹಾಸಿ, ಅವಳನ್ನು ಮಲಗಿಸಿದರು. ದಸ್ತಗೀರ ಹಾಲಿನ ಕ್ಯಾನು ಅಂಗಳದಲ್ಲೇ ಇಟ್ಟು ಬಂದು ಕಂಬಕ್ಕೆ ಹಣೆ ಹಚ್ಚಿ ನಿಂತ. ಅಣ್ಣನಿಗೆ ಹೇಳಲು ನಾನೇ ಹೋದೆ. ಅವನು ಪೈಪು ಹಿಡಿದು ಬಾಗಿಲ ಕಡೆ ಮುಖ ಮಾಡಿ ನಿಂತಿದ್ದ. ನಾನು ಏನು ಹೇಳಿದೆನೋ, ಹೇಳಿದೆನೋ ಇಲ್ಲವೋ. ಅಳುವ ಸದ್ದು ಅವನಿಗೆ ಮೊದಲೇ ಮುಟ್ಟಿತ್ತು.

ಪೈಪು ಬಿಟ್ಟ. ರಬ್ಬರ್ ನೆಲ ದಾಟಿ ಹೊಸ್ತಿಲಿಗೆ ಬಂದ. ನಿಂತ. ನಾನು ಹೆಗಲು ಕೊಡಲು ಹೋದೆ, ಬೇಡವೆಂದು ತಲೆಯಾಡಿಸಿದ. ಬಲಗಾಲು ಫರ್ಸಿಯ ಮೇಲೆ ಇಟ್ಟ. ಎಡಗಾಲು ಎಳೆದುಕೊಂಡ. ಪಡಸಾಲೆಯಲ್ಲಿ ಮಂದಿ ಸರಿದು ದಾರಿ ಬಿಟ್ಟರು. ಒಬ್ಬನೇ ನಡೆದು ಅವಳ ಹತ್ತಿರಕ್ಕೆ ಬಂದ, ಇನ್ನೇನು ಕೂರಬೇಕು, ಒದ್ದೆ ಕಲ್ಲಿನ ಮೇಲೆ ಕಾಲು ಜಾರಿತು. ಗದ್ದ ಎದೆಗೆ ಹೋಯಿತು, ಹೆಗಲು ಮೊದಲು ನೆಲಕ್ಕೆ ತಾಗಿತು, ಮೈ ಹೊರಳಿತು.

ಹೆಂಗಸರು ಚೀರಿದರು. ಗಂಡಸರು ಎತ್ತಲು ಮುನ್ನುಗ್ಗಿದರು. ದಸ್ತಗೀರ ಎರಡೂ ತೋಳು ಅಡ್ಡ ಹಿಡಿದ.

"ಮುಟ್ಟಬ್ಯಾಡ್ರಿ," ಎಂದೆ ನಾನು. ಆ ಗದರಿಕೆಯ ದನಿ ನನ್ನದಾಗಿರಲಿಲ್ಲ. "ತಾನ ಏಳ್ತಾನ."

ಅಣ್ಣ ಬಲ ಅಂಗೈ ಊರಿದ. ಮೊಣಕಾಲು ಮಡಿಸಿದ. ಬಹಳ ಹೊತ್ತು ಹಾಗೇ ಇದ್ದ, ಏದುಸಿರು ಬಿಡುತ್ತಿದ್ದ. ಕಡೆಗೆ ಎದ್ದ, ನೆಟ್ಟಗೆ ನಿಂತ. ನಿಂತು ವೈನಿಯ ಮುಖದ ಕಡೆ ತಿರುಗಿ ಕಾದ. ಎದ್ದ ಮೇಲೆ ಬರಬೇಕಾದ ಮಾತೊಂದಿತ್ತು. ಅದು ಏನೆಂದು ನನಗೂ ಗೊತ್ತಿತ್ತು, ದಸ್ತಗೀರನಿಗೂ ಗೊತ್ತಿತ್ತು. ಹೊರಗೆ ಮಳೆ ಜೋರಾಯಿತು. ಅಣ್ಣ ನಿಂತೇ ಇದ್ದ.